ಬಾಲಕ್ಕೆ ನಾಲ್ಕು ತಂತಿ

ಮಿಷಿಗನ್ನಿಗೆ ವಸಂತ ಬಂತೆಂದು ತಿಳಿಯಲು ಇಲ್ಲಿ ಯಾರೂ ಮರದ ಚಿಗುರು ನೋಡುವುದಿಲ್ಲ, ಹೆದ್ದಾರಿ ನೋಡುತ್ತಾರೆ. ಹಿಮ ಕರಗಿದ್ದೇ ತಡ, ಒಂದೊಂದು ಗಾಡಿಯ ಹಿಂದೆಯೂ ಇನ್ನೊಂದು ಗಾಡಿ ಹುಟ್ಟಿಕೊಂಡಿರುತ್ತದೆ. ದೋಣಿ, ಹುಲ್ಲು ಕತ್ತರಿಸುವ ಯಂತ್ರ, ಗಾಲಿ ಕಟ್ಟಿದ ಮನೆ, ಕೆಲವೊಮ್ಮೆ ಜೀವಂತ ಕುದುರೆ. ಬೇಸಿಗೆಯ ಶುಕ್ರವಾರ ಸಂಜೆ ಡೆಟ್ರಾಯಿಟ್ ಸುತ್ತಲಿನ ಜನ ತಮ್ಮ ತಮ್ಮ ಆಸ್ತಿಯನ್ನು ಕೊಕ್ಕೆಗೆ ಸಿಕ್ಕಿಸಿ ಐ-75 ಹಿಡಿದು ಉತ್ತರಕ್ಕೆ ಎಳೆದುಕೊಂಡು ಹೋಗುತ್ತಾರೆ. ಭಾನುವಾರ ಸಂಜೆ ಅದೇ ಆಸ್ತಿಯನ್ನು ಅದೇ ರಸ್ತೆಯಲ್ಲಿ ವಾಪಸು ಎಳೆದು ತರುತ್ತಾರೆ. ಬಂಪರಿನ ಕೆಳಗೆ ಎರಡಿಂಚು ಚೌಕದ ಕಬ್ಬಿಣದ ಕೊಳವೆ ಇದ್ದವನು ಊರಿನವನು, ಇಲ್ಲದವನು ಬಾಡಿಗೆಗೆ ಬಂದವನು. ಆ ಕೊಳವೆಯೇ ಹಿಚ್.

ನಮ್ಮ ಎಲೆಕ್ಟ್ರಿಕ್ ಕಾರಿಗೂ ಹಿಚ್ ಇದೆ. 3,500 ಪೌಂಡ್, ಅಂದರೆ ಹೆಚ್ಚುಕಡಿಮೆ 1,600 ಕೆಜಿ ಎಳೆಯುತ್ತದೆ ಎಂದು ಮಾರುವಾತ ಹೇಳಿದಾಗ, ನಮ್ಮ ಮನೆಯಲ್ಲಿ ಎಳೆಯುವಂಥದ್ದು ಏನಿದೆ ಎಂದು ಯೋಚಿಸಿದೆ. ಗೃಹಸಾಲವೊಂದೇ ನೆನಪಾಯಿತು. ಆಮೇಲೆ ಹೆಂಡತಿ ಸೈಕಲ್ಲುಗಳನ್ನು ನೆನಪಿಸಿದಳು. ಹ್ಯೂರಾನ್ ಸರೋವರದಲ್ಲಿ ಮ್ಯಾಕಿನಾ ಎಂಬ ದ್ವೀಪವಿದೆ. 1898ರಲ್ಲೇ ಅಲ್ಲಿಯ ಊರವರು ಮೋಟಾರು ಗಾಡಿ ಬೇಡವೆಂದು ತೀರ್ಮಾನಿಸಿದರು. ಇವತ್ತಿಗೂ ಅಲ್ಲಿ ಸೈಕಲ್ಲು, ಕುದುರೆಗಾಡಿ, ಇಲ್ಲವೇ ಕಾಲು. ದ್ವೀಪದ ಸುತ್ತ ಎಂಟು ಮೈಲಿಯ ರಸ್ತೆ. ಕಾರು ಓಡದಿದ್ದರೂ ಅದಕ್ಕೆ ಎಂ-185 ಎಂಬ ರಾಜ್ಯ ಹೆದ್ದಾರಿಯ ಪದವಿ. ಅಲ್ಲಿ ಮನೆಮಂದಿಯೆಲ್ಲ ಸೈಕಲ್ ತುಳಿಯಬೇಕು ಎನ್ನುವುದು ಅವಳ ಆಸೆ. ಕಾರನ್ನು ಕಂಡರಾಗದ ಊರಿಗೆ ಇನ್ನೂರೈವತ್ತು ಮೈಲಿಗೂ ಹೆಚ್ಚು ದೂರ ಕಾರಿನಲ್ಲಿ ಸೈಕಲ್ ಹೊತ್ತೊಯ್ಯುವುದು ಎಂದಾಯಿತು.

ಹಿಚ್ಚಿಗೆ ಸೈಕಲ್ ಸ್ಟ್ಯಾಂಡು ಸಿಕ್ಕಿಸಿ ನಾಲ್ಕು ಸೈಕಲ್ ಏರಿಸಿದರೆ ಕಾರಿನ ಹಿಂದಿನ ದೀಪಗಳು ಚಕ್ರ, ಪೆಡಲು, ಸೀಟುಗಳ ಹಿಂದೆ ಮಾಯ. ಹಿಂದಿನವನಿಗೆ ಕಾಣುವುದು ನನ್ನ ಮಗನ ಸೈಕಲ್ಲಿನ ಮಡ್‌ಗಾರ್ಡು ಮಾತ್ರ. ಅದಕ್ಕೇ ಸ್ಟ್ಯಾಂಡಿನ ತುದಿಗೆ ಇನ್ನೊಂದು ಜೊತೆ ದೀಪ ಕಟ್ಟಬೇಕು. ಒಂದು ಪಟ್ಟಿ, ಎರಡು ದೀಪ, ನಾಲ್ಕು ತಂತಿ. ಮಕ್ಕಳಾಟ ಎಂದರು.

ಈ ನಾಲ್ಕು ತಂತಿಯ ಸಂಸಾರವನ್ನು ಸ್ವಲ್ಪ ಹೇಳಬೇಕು. ಕಂದು ಬಣ್ಣದ್ದು ರಾತ್ರಿ ಸದಾ ಉರಿಯುವ ದೀಪಕ್ಕೆ. ಹಳದಿ ಎಡಕ್ಕೆ, ಹಸಿರು ಬಲಕ್ಕೆ. ಬಿಳಿ ಎಲ್ಲರ ಕರೆಂಟೂ ವಾಪಸು ಹೋಗುವ ದಾರಿ, ಇಲ್ಲಿಯವರ ಬಾಯಲ್ಲಿ ಗ್ರೌಂಡ್. ಬ್ರೇಕಿಗೆ ಯಾವ ತಂತಿ ಎಂದು ಕೇಳುತ್ತೀರಿ. ಅದಕ್ಕೆ ಬೇರೆ ತಂತಿ ಇಲ್ಲ. ಅಮೆರಿಕದ ಟ್ರೇಲರಿನಲ್ಲಿ ಬ್ರೇಕಿಗೂ ತಿರುವಿಗೂ ಒಂದೇ ತಂತಿ, ಒಂದೇ ಕೆಂಪು ದೀಪ. ಹಳದಿಯೂ ಹಸಿರೂ ಒಟ್ಟಿಗೆ ಉರಿದರೆ ನಿಲ್ಲುತ್ತಿದ್ದಾನೆ, ಒಂದು ಮಿಟುಕಿದರೆ ತಿರುಗುತ್ತಿದ್ದಾನೆ, ಒಂದು ಉರಿದು ಇನ್ನೊಂದು ಮಿಟುಕಿದರೆ ನಿಲ್ಲುತ್ತಾ ತಿರುಗುತ್ತಿದ್ದಾನೆ. ಯುರೋಪಿನವರು ಇದನ್ನು ಒಪ್ಪದೆ ಒಂದೊಂದು ಕೆಲಸಕ್ಕೆ ಒಂದೊಂದು ತಂತಿ ಎಂದು ಹದಿಮೂರು ಪಿನ್ನಿನ ಪ್ಲಗ್ಗು ಮಾಡಿಕೊಂಡರು. ಅವರಿಗೆ ಗೊಂದಲ ಕಡಿಮೆ, ತಂತಿ ಜಾಸ್ತಿ.

ಇನ್ನು ನಮ್ಮ ಕಾರು. ಹೊಟ್ಟೆಯಲ್ಲಿ 400 ವೋಲ್ಟಿನ ಬ್ಯಾಟರಿ ಇಟ್ಟುಕೊಂಡಿದ್ದರೂ ಅದರ ದೀಪಗಳು ಅಮೆರಿಕದ ಕಾರುಗಳು 1950ರ ದಶಕದಲ್ಲಿ ಒಪ್ಪಿಕೊಂಡ ಆ 12 ವೋಲ್ಟಿನ ಮನೆತನದವೇ. ಹಿಂದೆ ಏಳು ಪಿನ್ನಿನ ಸಾಕೆಟ್ ಕೊಟ್ಟಿದ್ದಾರೆ, ಅದಕ್ಕೆ ನಾಲ್ಕು ತಂತಿಗೆ ಇಳಿಸುವ ಅಡಾಪ್ಟರು. ನಡುವೆ ಒಂದು ಕಂಪ್ಯೂಟರು ಕೂತಿದೆ, ಬಾಲಕ್ಕೆ ಏನು ಕಟ್ಟಿದ್ದಾರೆ ಎಂದು ವಿಚಾರಿಸಿಕೊಳ್ಳುವುದು ಅದರ ಉದ್ಯೋಗ. ಆಗಾಗ ತಂತಿಯೊಳಗೆ ಚೂರೇ ಚೂರು ಕರೆಂಟು ಬಿಟ್ಟು ನೋಡುತ್ತದೆ. ಆ ಕಡೆ ಯಾರಾದರೂ ಕರೆಂಟು ಎಳೆದುಕೊಂಡರೆ ಟ್ರೇಲರ್ ಇದೆ ಎಂದು ತೀರ್ಮಾನ.

ಮೊದಲು ತರಿಸಿದ್ದು ಎಲ್‌ಇಡಿ ದೀಪದ ಪಟ್ಟಿ. ಸಿಕ್ಕಿಸಿದೆ, ಒಂದೂ ಹತ್ತಲಿಲ್ಲ. ಹಳೇ ತಂತಿಬಲ್ಬು ಬ್ರೇಕ್ ಹಾಕಿದಾಗ ಸುಮಾರು ಎರಡು ಆಂಪಿಯರ್ ಕುಡಿಯುತ್ತದೆ. ಎಲ್‌ಇಡಿಗೆ ಅದರ ಹತ್ತನೇ ಒಂದು ಪಾಲಿನ ಆಸುಪಾಸು ಸಾಕು. ಇಷ್ಟು ಕಡಿಮೆ ಕುಡಿಯುವವನನ್ನು ಕಾರಿನ ಕಂಪ್ಯೂಟರು ಗಿರಾಕಿ ಎಂದೇ ಪರಿಗಣಿಸಲಿಲ್ಲ. ರಾತ್ರಿ ಗ್ಯಾರೇಜಿಗೆ ಹೋಗಿ ನೋಡಿದರೆ ದೀಪ ಆಗೊಮ್ಮೆ ಈಗೊಮ್ಮೆ ಮಿಣುಕ್ಕೆನ್ನುತ್ತಿತ್ತು. ಕಾರು ‘ಯಾರಾದರೂ ಇದ್ದೀರಾ?’ ಎಂದು ಕೇಳುವುದು, ದೀಪ ‘ಇದ್ದೀನಿ’ ಎನ್ನುವುದು, ಕಾರು ಕೇಳಿಸಿಕೊಳ್ಳದೆ ಮುಂದೆ ಹೋಗುವುದು ಹೀಗೇ ನಡೆದಿತ್ತು.

ಇದಕ್ಕೆ ಮದ್ದಿದೆಯಂತೆ. ದೀಪದ ಪಕ್ಕ ಒಂದು ರೆಸಿಸ್ಟರ್ ಕಟ್ಟಬೇಕು. ಅದರ ಕೆಲಸವೇನೆಂದರೆ ಕರೆಂಟನ್ನು ಸುಮ್ಮನೆ ಕುಡಿದು ಬಿಸಿಯಾಗುವುದು, ಪ್ಲಾಸ್ಟಿಕ್ಕಿಗೆ ತಾಗಿಸಬಾರದು ಎಂದು ಎಚ್ಚರಿಸುವಷ್ಟು ಬಿಸಿ. ವಿದ್ಯುತ್ ಉಳಿಸುವ ಕಾರಿಗೆ ವಿದ್ಯುತ್ ಉಳಿಸುವ ದೀಪ ಕಟ್ಟಿ, ಆ ಉಳಿತಾಯವನ್ನು ಕಂಪ್ಯೂಟರು ನಂಬುವುದಿಲ್ಲವೆಂದು ದಂಡ ಕಟ್ಟುವಂತೆ ಇನ್ನೊಂದು ಕಡೆ ಸುಡುವುದು! ಭೂಮಿಯನ್ನು ಉಳಿಸಲೆಂದು ಕಾರು ಕೊಂಡವನು ಇದನ್ನು ಮಾಡಲಾರ. ಪಟ್ಟಿಯನ್ನು ವಾಪಸು ಕಳಿಸಿದೆ.

ಆಗ ಬಂದವರು ಪಕ್ಕದ ಮನೆಯ ಹಿರಿಯರು. ಜೀವಮಾನವೆಲ್ಲ ಕಾರಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಆಯಿಲ್ ಬದಲಾಯಿಸದ ಗಾಡಿಯನ್ನು ಗಾಡಿಯೆಂದು ಒಪ್ಪದಿದ್ದರೂ ಅದರ ಯಜಮಾನನ ಮೇಲೆ ಕನಿಕರವಿತ್ತು. ತಮ್ಮ ದೋಣಿಯ ಟ್ರೇಲರಿನಿಂದ ಎಂದೋ ಕಳಚಿಟ್ಟ ದೀಪದ ಪಟ್ಟಿಯನ್ನು ತಂದುಕೊಟ್ಟರು. ಕಬ್ಬಿಣದ ಪಟ್ಟಿ, ಒಳಗೆ ನಿಜವಾದ ಬಲ್ಬು. ಸಿಕ್ಕಿಸಿದ ತಕ್ಷಣ ಕಾರಿನ ಪರದೆಯ ಮೇಲೆ ಟ್ರೇಲರಿನ ಚಿತ್ರ ಮೂಡಿತು. ಹಿಂದೆ ಸರಿಯುವಾಗ ಬೀಪ್ ಎನ್ನುವ ಸೆನ್ಸರುಗಳು ಬಾಯಿ ಮುಚ್ಚಿದವು. ದೋಣಿಯನ್ನೇ ಕಟ್ಟಿಕೊಂಡಿದ್ದೇನೆಂದು ಕಾರು ನಂಬಿತ್ತು. ನಾನೇನೂ ಹೇಳಲು ಹೋಗಲಿಲ್ಲ.

ದೀಪ ಹತ್ತಿತು, ನಡತೆ ಮಾತ್ರ ಸರಿಯಿರಲಿಲ್ಲ. ಇದನ್ನು ಒಬ್ಬರೇ ಪರೀಕ್ಷೆ ಮಾಡಲಾಗುವುದಿಲ್ಲ. ಬ್ರೇಕ್ ತುಳಿಯುವವನಿಗೆ ಬಾಲ ಕಾಣುವುದಿಲ್ಲ, ಬಾಲ ನೋಡುವವರಿಗೆ ಬ್ರೇಕ್ ಎಟುಕುವುದಿಲ್ಲ. ಹಳೇ ಕಾರಾದರೆ ಪೆಡಲಿಗೂ ಸೀಟಿಗೂ ನಡುವೆ ಒಂದು ಕೋಲು ಸಿಕ್ಕಿಸಿ ಹಿಂದಕ್ಕೆ ಓಡಬಹುದಿತ್ತು. ಈ ಕಾರಿಗೆ ಕೀಲಿಯೇ ಇಲ್ಲ. ಕೂತರೆ ಎಚ್ಚರ, ಎದ್ದು ಹೋದರೆ ನಿದ್ದೆ. ಅದಕ್ಕೇ ಹೆಂಡತಿಯನ್ನು ಹಿಂದೆ ನಿಲ್ಲಿಸಿದೆ.

“ಬ್ರೇಕ್ ಹಾಕಿದೀನಿ. ಬಂತಾ?”

“ಯಾವುದು?”

“ಬ್ರೇಕ್ ಲೈಟು.”

“ಕೆಂಪಗಿದೆ ರೀ.”

“ಎಲ್ಲಾನೂ ಕೆಂಪಗೇ ಇರುತ್ತೆ. ಮೊದಲಿಗಿಂತ ಜಾಸ್ತಿ ಆಯ್ತಾ?”

“ಮೊದಲು ಎಷ್ಟಿತ್ತು?”

ಮೂವತ್ತಾರು ಗುಣ ಕೂಡಿಬಂದ ಜೋಡಿಯನ್ನೂ ಒಂದು ಸಲ ಟ್ರೇಲರ್ ದೀಪದ ಮುಂದೆ ನಿಲ್ಲಿಸಿ ನೋಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಕೊನೆಗೆ ಅವಳು ಹೇಳಿದ್ದರ ಸಾರ ಇಷ್ಟು: ಬ್ರೇಕ್ ತುಳಿದರೆ ದೀಪ ಹೆಚ್ಚಾಗುವ ಬದಲು ಮಂಕಾಗುತ್ತದೆ, ಎಡಕ್ಕೆ ಸಿಗ್ನಲ್ ಹಾಕಿದರೆ ಬಲಗಡೆಯದೂ ಅದರ ಜೊತೆ ಉಸಿರೆಳೆದು ಬಿಡುತ್ತದೆ. ಸರ್ವಿಸ್ ಸೆಂಟರಿನಲ್ಲಿ ಕಾರು ಸರಿಯಾಗಿದೆ ಎಂದರು. ಪಕ್ಕದ ಮನೆಯವರು ದೀಪ ಸರಿಯಾಗಿದೆ ಎಂದರು. ಎರಡೂ ಸರಿಯಾಗಿದ್ದರೆ ತಪ್ಪು ನಡುವೆಯೇ ಇರಬೇಕು, ನಡುವೆ ಇದ್ದವನು ನಾನೊಬ್ಬನೇ.

ಇಷ್ಟು ಹೊತ್ತೂ ಗ್ಯಾರೇಜಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಒಬ್ಬರು ನೋಡುತ್ತಿದ್ದರು. ನನ್ನ ಮಾವ. ಮದ್ದೂರಿನವರು, ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದವರು. ಕೆಇಬಿ 1999ರಲ್ಲಿ ಕೆಪಿಟಿಸಿಎಲ್ ಆಯಿತು, ಆಮೇಲೆ ಆ ಕಡೆಯ ಕಂಬಗಳೆಲ್ಲ ಚಾಮುಂಡೇಶ್ವರಿ ನಿಗಮದ ಪಾಲಾದವು. ಮಾವನಿಗೆ ಮಾತ್ರ ಅದು ಇವತ್ತಿಗೂ ಕೆಇಬಿ. ಅವರ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿತ್ತು ಎನ್ನುವುದನ್ನು ಇಲ್ಲಿಗೆ ಬಂದ ದಿನವೇ ನನ್ನ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದರು. ಸೂಟ್‌ಕೇಸಿನಲ್ಲಿ ಹುಣಿಸೆಹಣ್ಣಿನ ಜೊತೆ ಒಂದು ಟೆಸ್ಟರನ್ನೂ ತಂದಿದ್ದರು. ನಮ್ಮ ಅಡುಗೆಮನೆಯ ಸಾಕೆಟ್ಟುಗಳಿಗೆಲ್ಲ ಅದನ್ನು ಚುಚ್ಚಿ, ಇಲ್ಲಿ 120 ವೋಲ್ಟೇ ಎಂದು ನಮ್ಮಿಂದ ತಿಳಿದು, “ಇದೇನ್ರೀ, ಅರ್ಧ ಕರೆಂಟು ಕೊಟ್ಟು ಪೂರ್ತಿ ಬಿಲ್ಲು ತಗಂತಾರಾ?” ಎಂದು ಅಮೆರಿಕದ ಬಗ್ಗೆ ಒಂದು ತೀರ್ಮಾನಕ್ಕೂ ಬಂದಿದ್ದರು.

ಈಗ ಎದ್ದು ಬಂದು ದೀಪದ ತಂತಿಗೆ ಟೆಸ್ಟರ್ ಹಿಡಿದರು. ಹತ್ತಲಿಲ್ಲ. ಟೆಸ್ಟರಿನೊಳಗಿನ ನಿಯಾನ್ ಬಲ್ಬಿಗೆ 12 ವೋಲ್ಟು ಏನೇನೂ ಸಾಲದು. “ಕರೆಂಟೇ ಇಲ್ವಲ್ರೀ ಅಳಿಯಂದ್ರೆ.” ಕಾರಿನಡಿಯ ಕಿತ್ತಳೆ ಬಣ್ಣದ ದಪ್ಪ ಕೇಬಲ್ ತೋರಿಸಿ, ಅಲ್ಲಿ 400 ಇದೆ, ಅದನ್ನು ಮಾತ್ರ ಮುಟ್ಟಬೇಡಿ ಮಾವ ಎಂದೆ. “ಅಷ್ಟೇನಾ? ನಮ್ ಪಂಪ್‌ಸೆಟ್ಟಿಗೂ ಅಷ್ಟೇ ಬತ್ತದೆ” ಎಂದರು. ಆದರೂ ಆ ಕಡೆ ಕೈ ಹಾಕಲಿಲ್ಲ. ಕಂಬ ಹತ್ತಿ ಪಿಂಚಣಿವರೆಗೆ ಬದುಕಿದವರಿಗೆ ಯಾವುದನ್ನು ಮುಟ್ಟಬಾರದು ಎಂದು ಎರಡು ಸಲ ಹೇಳಬೇಕಾಗಿಲ್ಲ.

“ಇನ್ನೊಂದ್ ಕಿತ ಎಡಕ್ಕೆ ಹಾಕಿ,” ಎಂದರು. ಹಾಕಿದೆ. ಎರಡೂ ದೀಪ ಉಸಿರಾಡಿದವು. ಮಾವನ ಮುಖದಲ್ಲಿ ಹಳೇ ನೆಂಟನನ್ನು ಕಂಡ ಖುಷಿ.

“ನ್ಯೂಟ್ರಲ್ ಹೋಗೈತೆ.”

ಹಳ್ಳಿಯಲ್ಲಿ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ಕಡಿದಾಗ ಏನಾಗುತ್ತದೆಂದು ಅನುಭವಿಸಿದವರಿಗೆ ಗೊತ್ತು. ಒಬ್ಬರ ಮನೆ ಬಲ್ಬು ಮದುವೆಮನೆಯ ಹಾಗೆ ಉರಿದು ಸುಟ್ಟುಹೋಗುತ್ತದೆ, ಪಕ್ಕದ ಮನೆಯದು ಹರಳೆಣ್ಣೆ ದೀಪವಾಗುತ್ತದೆ. ವಾಪಸು ಹೋಗಲು ದಾರಿ ಸಿಗದ ಕರೆಂಟು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ನುಗ್ಗುತ್ತದೆ. ನಮ್ಮ ದೀಪದ ಪಟ್ಟಿಯಲ್ಲಿ ನಡೆಯುತ್ತಿದ್ದುದೂ ಹೆಚ್ಚುಕಡಿಮೆ ಅದೇ ರಾಮಾಯಣ. ಬಿಳಿ ತಂತಿಯನ್ನು ಕಬ್ಬಿಣದ ಪಟ್ಟಿಗೆ ಒಂದು ಸ್ಕ್ರೂನಿಂದ ಬಿಗಿದಿದ್ದರು. ದೀಪಗಳಿಗೆ ಬೇರೆ ಬಿಳಿ ತಂತಿ ಇರಲಿಲ್ಲ. ಅವನ್ನು ಕೂರಿಸಿದ ಬೋಲ್ಟಿನ ಮೂಲಕ, ಪಟ್ಟಿಯ ಮೂಲಕ ಎರಡರ ಕರೆಂಟೂ ಆ ಒಂದೇ ಸ್ಕ್ರೂಗೆ ಬರಬೇಕು. ಮಿಷಿಗನ್ನಿನಲ್ಲಿ ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪು ತಿಂದ ಆ ಸ್ಕ್ರೂವಿನ ಬುಡ ತುಕ್ಕು ಹಿಡಿದು ಇಟ್ಟಿಗೆಪುಡಿ ಆಗಿತ್ತು. ಒಬ್ಬ ಜಾಸ್ತಿ ಕೇಳಿದರೆ ಇನ್ನೊಬ್ಬನ ಪಾಲು ಕುಗ್ಗುತ್ತಿತ್ತು.

ಮಾವ ಒಂದು ತುಂಡು ತಂತಿ ಕೇಳಿದರು. ಅದರ ಒಂದು ತುದಿಯನ್ನು ಪ್ಲಗ್ಗಿನ ಹತ್ತಿರ ಸುಲಿದ ಬಿಳಿ ತಂತಿಗೂ ಇನ್ನೊಂದನ್ನು ದೀಪದ ಬೋಲ್ಟಿಗೂ ಹಿಡಿದರು. ದೀಪ ಝಗ್ಗೆಂದಿತು. ತೆಗೆದರು, ಮಂಕಾಯಿತು. ಮತ್ತೆ ಹಿಡಿದರು. ರೋಗ ಪತ್ತೆ ಮಾಡಿದವರಿಗೆ ಅದನ್ನು ನಾಲ್ಕು ಸಲ ತೋರಿಸುವ ಹಕ್ಕಿದೆ. ಆಮೇಲೆ ಉಪ್ಪುಕಾಗದ ಹಿಡಿದು ಲೋಹ ಹೊಳೆಯುವವರೆಗೆ ಉಜ್ಜಿದರು, ಹೊಸ ಸ್ಕ್ರೂ ಹಾಕಿಸಿದರು, ಮೇಲೆ ಗ್ರೀಸ್ ಬಳಿದರು. ನನ್ನ ಪಾಲಿಗೆ ಬಂದ ಕೆಲಸ ಕೂತು ಬ್ರೇಕ್ ತುಳಿಯುವುದು.

ಅಷ್ಟಕ್ಕೇ ಮುಗಿಯಲಿಲ್ಲ. ಎಲೆಕ್ಟ್ರಿಕ್ ಕಾರಿನಲ್ಲಿ ಕಾಲೆತ್ತಿದರೆ ಸಾಕು, ಮೋಟಾರೇ ಜನರೇಟರಾಗಿ ಕಾರನ್ನು ಹಿಡಿದು ನಿಲ್ಲಿಸುತ್ತದೆ, ಪೆಡಲ್ ಮುಟ್ಟದಿದ್ದರೂ ಬ್ರೇಕ್ ದೀಪ ತಾನೇ ಹತ್ತುತ್ತದೆ. ಇದನ್ನು ನಿಂತಲ್ಲಿ ಪರೀಕ್ಷೆ ಮಾಡಲಾಗದು, ಓಡಿಸಿಯೇ ನೋಡಬೇಕು. ಹಿಂದಿನಿಂದ ನೋಡಲು ಪಕ್ಕದ ಮನೆಯವರು ತಮ್ಮ ಪಿಕಪ್ ತೆಗೆದರು. ಮಾವ ಅವರ ಪಕ್ಕ ಹತ್ತಿ ಫೋನು ಹಿಡಿದರು. ಇಬ್ಬರ ನಡುವೆ ಒಂದೇ ಒಂದು ಸಮಾನ ಭಾಷೆ ಇರಲಿಲ್ಲ. ನಾನು ಕಾಲೆತ್ತಿದಾಗೆಲ್ಲ ಫೋನಿನಲ್ಲಿ “ಬಂತು!”, ಒತ್ತಿದಾಗೆಲ್ಲ “ಹೋಯ್ತು!” ಬಡಾವಣೆ ಒಂದು ಸುತ್ತು ಮುಗಿಯುವ ಹೊತ್ತಿಗೆ ಎರಡು ದನಿ ಕೇಳತೊಡಗಿದವು. ಎರಡನೆಯದು ಅಮೆರಿಕನ್ ದನಿ: “ಬಾಂಟೂ!”

ಮಾರನೆಯ ದಿನ ಆ ದೋಣಿಯ ಟ್ರೇಲರು ನಮ್ಮ ಡ್ರೈವ್‌ವೇನಲ್ಲಿ ನಿಂತಿತ್ತು. ಅದರ ಎಡಗಡೆ ದೀಪ ಎಷ್ಟೋ ಕಾಲದಿಂದ ಕೈಕೊಟ್ಟಿತ್ತಂತೆ. ಮಾವ ಉಪ್ಪುಕಾಗದ ಹಿಡಿದು ಕೂತಿದ್ದರು, ಹಿರಿಯರು ಕಾಫಿ ಲೋಟ ಹಿಡಿದು ನಿಂತಿದ್ದರು. “ನಮ್ಮೂರಲ್ಲಿ ಕಬ್ಬಿನ ಟ್ರ್ಯಾಕ್ಟರಿಗೆ ಹಿಂದೆ ಎರಡೆರಡು ಟ್ರೇಲರ್ ಕಟ್ತಾರೆ, ಒಂದಕ್ಕೂ ಲೈಟಿರಲ್ಲ. ಇವರಿಗೆ ಹೇಳ್ರಪ್ಪಾ,” ಎಂದರು ಮಾವ. ಹೇಳಿದೆ. ಹಾಗಾದರೆ ಹಿಂದಿನವರಿಗೆ ಗೊತ್ತಾಗುವುದು ಹೇಗೆ ಎಂದು ಅವರು ಕೇಳಿದರು. “ಗುದ್ದಿದ ಮೇಲೆ ಗೊತ್ತಾಯ್ತದೆ” ಎಂದು ಮಾವ ಹೇಳಿದ್ದನ್ನು ನಾನು ಅನುವಾದಿಸಲಿಲ್ಲ.

ಮ್ಯಾಕಿನಾ ಪ್ರಯಾಣದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಹಿಂದೆ ಗಾಳಿಗೆ ಅಡ್ಡ ನಿಂತ ಸೈಕಲ್ಲುಗಳು ಬ್ಯಾಟರಿಯನ್ನು ಚೆನ್ನಾಗಿಯೇ ತಿಂದವು. ಚಾರ್ಜಿಂಗ್ ಜಾಗದಲ್ಲಿ ಹಿಮ್ಮುಖವಾಗಿ ನಿಲ್ಲಿಸಬೇಕು, ಸೈಕಲ್ಲಿನಿಂದಾಗಿ ಹಿಂದೆ ಹೋಗಲಾಗದು, ಕೇಬಲ್ಲು ಎಟುಕದು. ಆ ಸಂಕಟವೇ ಬೇರೆ ಪ್ರಬಂಧಕ್ಕಾಗುತ್ತದೆ. ದೀಪ ಮಾತ್ರ ದಾರಿಯುದ್ದಕ್ಕೂ ಸರಿಯಾಗಿ ಉರಿಯಿತು. ಪ್ರತಿ ನಿಲುಗಡೆಯಲ್ಲೂ ಮಾವ ಇಳಿದು ಹಿಂದೆ ಹೋಗಿ, “ತುಳೀರಿ” ಎಂದು ತುಳಿಸಿ, ನೋಡಿಯೇ ಹತ್ತುತ್ತಿದ್ದರು.

ಕಾರನ್ನು ದಡದಲ್ಲೇ ಬಿಟ್ಟು ಹಡಗಿನಲ್ಲಿ ದ್ವೀಪಕ್ಕೆ ಹೋದೆವು. ನಾವು ನಾಲ್ವರು ಸೈಕಲ್ ಹತ್ತಿದೆವು, ಮಾವನಿಗೆ ಕುದುರೆಗಾಡಿ ಎಂದಾಯಿತು. ಗಾಡಿಯವನು ಮೆಟ್ಟಿಲು ತೋರಿಸಿದ. ಮಾವ ಹತ್ತಲಿಲ್ಲ. ಅಭ್ಯಾಸದಂತೆ ಗಾಡಿಯ ಹಿಂದಕ್ಕೆ ಹೋಗಿ ಬಗ್ಗಿ ನೋಡಿದರು. ಆಮೇಲೆ ಮುಂದೆ ಬಂದು ಕುದುರೆಯನ್ನು ಮೇಲಿಂದ ಕೆಳಗೆ ನೋಡಿದರು.

“ಏನು ಮಾವ?” ಎಂದೆ.

“ನಾಲ್ಕೂ ನೆಲ ಮುಟ್ಟವೆ. ಅರ್ಥಿಂಗ್ ಸರಿಯಾಗೈತೆ, ನೀವ್ ನಡೀರಿ,” ಎಂದು ಹತ್ತಿ ಕೂತರು.