ರೋಡ್‌ಮ್ಯಾಪ್ ಮಹಾಶಯರೊಡನೆ ಒಂದು ಸಂಭಾಷಣೆ

ಒಮ್ಮೆ ಬರೆದ ಕೋಡ್ ಆಂಡ್ರಾಯ್ಡ್‌ನಲ್ಲಿಯೂ ಐಫೋನಿನಲ್ಲಿಯೂ ಸಮಾನವಾಗಿ ನಡೆಯಬೇಕೆಂಬ ಅಭಿಲಾಷೆಯಿಂದ ಗೂಗಲ್ ಸಂಸ್ಥೆಯಲ್ಲಿ ಜನ್ಮತಳೆದು, 2015ರಲ್ಲಿ ‘ಸ್ಕೈ’ ಎಂಬ ಹೆಸರಿನಿಂದ ಮೊದಲು ಕಾಣಿಸಿಕೊಂಡು, 2018ರ ಡಿಸೆಂಬರ್ 4ರಂದು ಲಂಡನ್ ನಗರದಲ್ಲಿ 1.0 ಎಂಬ ಪಟ್ಟವನ್ನು ಪಡೆದ ಫ್ಲಟರ್ ಎಂಬ ಆ್ಯಪ್ ನಿರ್ಮಾಣಸಾಧನದ ಬಳಿ ಒಂದು ಪತ್ರವುಂಟು. ಮುಂದೆ ಏನೇನು ಮಾಡಬೇಕೆಂದು ತಂಡದವರು ಸಂಕಲ್ಪಿಸಿರುವರೆಂಬುದನ್ನು ತಿಳಿಸತಕ್ಕ ಆ ಪತ್ರಕ್ಕೆ ರೋಡ್‌ಮ್ಯಾಪ್ ಎಂದು ಹೆಸರು. ಗೂಗಲ್ ಐ/ಒ ಸಮ್ಮೇಳನ ಸಮೀಪಿಸಿತೆಂದರೆ ಸಾಕು, ಮೌಂಟನ್ ವ್ಯೂನಿಂದ ಬೆಂಗಳೂರಿನವರೆಗೆ ಡೆವಲಪರುಗಳು ಅದರ ಪದಪದಕ್ಕೂ ಭಾಷ್ಯ ರಚಿಸತೊಡಗುತ್ತಾರೆ. ಅದರಲ್ಲಿ ಇಲ್ಲದ ಪದಗಳಿಗೆ ರಚಿಸುವ ಭಾಷ್ಯವಾದರೋ ಇನ್ನೂ ದೀರ್ಘವಾದುದು. ಭಾಷ್ಯಕಾರರ ಗದ್ದಲದಲ್ಲಿ ಮೂಲದ ಧ್ವನಿ ಅಡಗಿಹೋಗಬಾರದೆಂದು ಆ ಮಹಾಶಯರನ್ನೇ ಕಂಡು ನಾಲ್ಕು ಮಾತು ಕೇಳಿದೆನು.

ನಾನು: ಮಹಾಶಯರೆ, ತಾವು ಭವಿಷ್ಯವನ್ನು ಬಲ್ಲವರೆಂದು ಲೋಕದಲ್ಲಿ ಪ್ರತೀತಿಯುಂಟು. ಮುಂದಿನ ಆವೃತ್ತಿಯಲ್ಲಿ ಏನು ಬರಲಿದೆ?

ರೋಡ್‌ಮ್ಯಾಪ್: ಆ ಪ್ರತೀತಿಯನ್ನು ನನ್ನ ತಲೆಗೆ ಕಟ್ಟಿದವರು ಓದುಗರು. ಇದು ಆಶಯಮಾತ್ರ, ಪರಿಸ್ಥಿತಿ ಬದಲಾದರೆ ಯೋಜನೆಯೂ ಬದಲಾದೀತು, ಎಂಬ ಅರ್ಥದ ಮಾತನ್ನು ನನ್ನ ಆರಂಭದಲ್ಲಿಯೇ ಬರೆದಿದ್ದಾರೆ. ಆದರೆ ಪಂಚಾಂಗವನ್ನು ಕೈಗೆತ್ತಿಕೊಂಡವನು ನೋಡುವುದು ಮಳೆಯ ನಕ್ಷತ್ರಗಳನ್ನೇ ಹೊರತು ಮುನ್ನುಡಿಯನ್ನಲ್ಲವಷ್ಟೆ. ‘ಪರಿಶೀಲಿಸುವೆವು’ ಎಂದಿದ್ದರೆ ‘ಮಾಡುವೆವು’ ಎಂದೂ, ‘ಮಾಡುವೆವು’ ಎಂದಿದ್ದರೆ ‘ಮಾಡಿ ಮುಗಿಸಿ ಬಚ್ಚಿಟ್ಟಿದ್ದಾರೆ’ ಎಂದೂ, ನಾನು ಏನನ್ನೂ ಹೇಳದಿದ್ದರೆ ಆ ಹೇಳದಿರುವುದೇ ಈ ಸಲದ ಮಹಾರಹಸ್ಯವೆಂದೂ ನನ್ನನ್ನು ಓದುತ್ತಾರೆ. ಫ್ಯೂಷಿಯಾ ಎಂಬ ಹೊಸ ಕಾರ್ಯಾಚರಣ ವ್ಯವಸ್ಥೆಯೊಂದು ಆಂಡ್ರಾಯ್ಡ್‌ನ ಸಿಂಹಾಸನವನ್ನು ಏರುವುದು ಖಂಡಿತವೆಂದೂ, ಆ ಸಾಮ್ರಾಜ್ಯದಲ್ಲಿ ಫ್ಲಟರ್ ಬಲ್ಲವರಿಗೇ ಮಂತ್ರಿಪದವಿಯೆಂದೂ ಎಷ್ಟು ಮಂದಿ ನಂಬಿದ್ದರೆಂಬುದನ್ನು ನೀವು ಬಲ್ಲಿರಾ? 2021ರ ಮೇ ತಿಂಗಳಿನಲ್ಲಿ ಫ್ಯೂಷಿಯಾ ಕೊನೆಗೂ ಜನರ ಮನೆಗಳನ್ನು ಪ್ರವೇಶಿಸಿತು. ಯಾವ ರೂಪದಲ್ಲಿ? ಮೇಜಿನ ಮೇಲೆ ಕುಳಿತು ಹೊತ್ತನ್ನೂ ಹವೆಯನ್ನೂ ತಿಳಿಸುವ ನೆಸ್ಟ್ ಹಬ್ ಎಂಬ ಸಣ್ಣ ಪರದೆಯ ರೂಪದಲ್ಲಿ.

ನಾನು: ಅದು ಜನರ ಕಲ್ಪನೆಯಾಯಿತು. ತಾವೇ ಆಸೆ ಹುಟ್ಟಿಸಿ ಕೈಬಿಟ್ಟದ್ದಿಲ್ಲವೆ? ಮ್ಯಾಕ್ರೋ ಸಂಗತಿಯನ್ನು ಕೇಳಬೇಕೆಂದು ಅನೇಕರು ನನಗೆ ಹೇಳಿ ಕಳುಹಿಸಿದ್ದಾರೆ.

ರೋಡ್‌ಮ್ಯಾಪ್: (ಸ್ವಲ್ಪ ಹೊತ್ತು ಸುಮ್ಮನಿದ್ದು) ಕೇಳುವಿರೆಂದು ಬಲ್ಲೆ. ಸರ್ವರಿನಿಂದ ಬಂದ ಜೇಸನ್ ದತ್ತಾಂಶವನ್ನು ನಮ್ಮ ಡಾರ್ಟ್ ಭಾಷೆಯ ಕ್ಲಾಸಿಗೆ ಇಳಿಸಬೇಕಾದರೆ ಒಂದೊಂದು ಫೀಲ್ಡಿನ ಹೆಸರನ್ನೂ ಕೈಯಾರೆ ಬರೆಯಬೇಕು. ಇಲ್ಲವೆ ಬಿಲ್ಡ್ ರನ್ನರ್ ಎಂಬುದನ್ನು ಓಡಿಸಿ, ‘.ಜಿ.ಡಾರ್ಟ್’ ಎಂಬ ಬಾಲವುಳ್ಳ ಫೈಲುಗಳನ್ನು ಅದು ಹಡೆಯುವವರೆಗೆ ಕಾಫಿ ಕುಡಿಯುತ್ತ ಕುಳಿತಿರಬೇಕು. ಈ ಸಂಕಟದಿಂದ ವಿಮೋಚನೆಯಾಗಲೆಂದು 2024ರ ಮೇ ತಿಂಗಳಿನಲ್ಲಿ, ‘ಜೇಸನ್‌ಕೋಡೆಬಲ್’ ಎಂಬ ಒಂದು ಗುರುತನ್ನು ಕ್ಲಾಸಿನ ನೆತ್ತಿಯ ಮೇಲಿಟ್ಟರೆ ಉಳಿದುದೆಲ್ಲ ತಾನಾಗಿ ಹುಟ್ಟುವಂತಹ ಮ್ಯಾಕ್ರೋವನ್ನು ಪೂರ್ವದರ್ಶನಕ್ಕೆ ತಂದೆವು. ಜನ ಕುಣಿದಾಡಿದರು. 2025ರ ಜನವರಿಯಲ್ಲಿ ಆ ಕೆಲಸವನ್ನೇ ನಿಲ್ಲಿಸಿದೆವೆಂದು ಪ್ರಕಟಿಸಿದೆವು.

ನಾನು: ಕಾರಣ?

ರೋಡ್‌ಮ್ಯಾಪ್: ಮ್ಯಾಕ್ರೋ ಎಂಬುದು ತನ್ನ ಸುತ್ತಲಿನ ಕೋಡಿನ ಅರ್ಥವನ್ನು ಒಳಹೊಕ್ಕು ವಿಚಾರಿಸಿದಷ್ಟೂ ಕಂಪೈಲರಿನ ನಡಿಗೆ ಮಂದವಾಗುತ್ತದೆ, ಅದು ಮಂದವಾದರೆ, ಬರೆದುದನ್ನು ಸೇವ್ ಮಾಡಿದ ಕ್ಷಣದಲ್ಲಿಯೇ ಫೋನಿನ ಪರದೆಯ ಮೇಲೆ ಕಾಣಿಸುವ ಹಾಟ್ ರಿಲೋಡ್ ಕುಂಟುತ್ತದೆ. ಅನೇಕರು ನಮ್ಮ ಬಳಿಗೆ ಬಂದದ್ದೇ ಹಾಟ್ ರಿಲೋಡನ್ನು ನೋಡಿ. ಬಾರದಿದ್ದುದನ್ನು ತರಲು ಹೋಗಿ ಇದ್ದುದನ್ನು ಕಳೆದುಕೊಳ್ಳುವುದು ಬೇಡವೆಂದು ತಂಡದವರು ನಿಶ್ಚಯಿಸಿದರು. ಈ ನಿಶ್ಚಯದಿಂದ ಮ್ಯಾಕ್ರೋವಿಗೆ ನಷ್ಟವೇನೂ ಆಗಲಿಲ್ಲವೆಂಬುದನ್ನು ಮಾತ್ರ ಗಮನಿಸಬೇಕು. ಈಗ ಅದರಲ್ಲಿ ಒಂದಾದರೂ ಬಗ್ ಇಲ್ಲ; ಅದು ಯಾರ ಆ್ಯಪನ್ನೂ ಕ್ರ್ಯಾಶ್ ಮಾಡಿಲ್ಲ; ಶುಕ್ರವಾರ ಸಂಜೆ ಯಾರನ್ನೂ ಆಫೀಸಿನಲ್ಲಿ ಕೂಡಿಹಾಕಿಲ್ಲ. ‘ಅದೊಂದು ಬಂದಿದ್ದರೆ!’ ಎಂದು ನಿಟ್ಟುಸಿರಿಡುವವರು ಇಂದಿಗೂ ಇದ್ದಾರೆ. ಬಂದವುಗಳ ಗತಿಯನ್ನು ನೋಡಿ: ನಲ್ ಸೇಫ್ಟಿ ಬೇಕೆಂದು ಬೇಡಿದವರೇ, 2021ರಲ್ಲಿ ಅದು ಬಂದಾಗ, ನಮ್ಮ ಪ್ಯಾಕೇಜುಗಳು ಇನ್ನೂ ಬದಲಾಗಿಲ್ಲವಲ್ಲಾ ಎಂದು ಗೋಳಾಡಿದರು. ಅನಿಮೇಶನ್ ಮೊದಲ ಸಲ ಓಡುವಾಗ ಮುಗ್ಗರಿಸುತ್ತದೆಂದು ದೂರಿದವರಿಗಾಗಿ ಶೇಡರುಗಳನ್ನು ಮುಂಗಡವಾಗಿಯೇ ಸಿದ್ಧಪಡಿಸಿಕೊಳ್ಳುವ ಇಂಪೆಲ್ಲರ್ ಎಂಬ ಚಿತ್ರಣಯಂತ್ರವನ್ನು ಕಟ್ಟಿ, 2023ರಲ್ಲಿ ಐಫೋನಿನಲ್ಲಿ ಅದನ್ನೇ ರೂಢಿಯಾಗಿಸಿದರೆ, ಆಂಡ್ರಾಯ್ಡ್‌ಗೆ ಯಾವಾಗ ಎಂಬ ಪ್ರಶ್ನೆ ಬಂದಿತು. ಬಟನ್ನುಗಳ ಹೆಸರನ್ನು ಬದಲಾಯಿಸಿದೆವು, ‘ವಿತ್‌ಒಪಾಸಿಟಿ’ಯನ್ನು ಬಿಟ್ಟು ‘ವಿತ್‌ವ್ಯಾಲ್ಯೂಸ್’ ಬಳಸಿರೆಂದೆವು. ಅಂದಿನಿಂದ ಹಳದಿ ಎಚ್ಚರಿಕೆಗಳ ಮಧ್ಯೆ ಬದುಕುತ್ತಿರುವವರು ನನ್ನ ಹೆಸರೆತ್ತಿದರೆ ಹಲ್ಲು ಕಡಿಯುತ್ತಾರೆ.

ನಾನು: ಅಂಗಡಿಯ ಒಪ್ಪಿಗೆಗೆ ಕಾಯದೆ, ಬಳಕೆದಾರರ ಫೋನಿಗೇ ನೇರವಾಗಿ ಕೋಡಿನ ತಿದ್ದುಪಡಿಯನ್ನು ಕಳುಹಿಸುವ ‘ಕೋಡ್ ಪುಶ್’?

ರೋಡ್‌ಮ್ಯಾಪ್: 2019ರ ನನ್ನ ಪ್ರತಿಯಲ್ಲಿ ಆ ಆಸೆ ಇಣುಕಿತ್ತು. ಆ್ಯಪ್ ಅಂಗಡಿಗಳ ಕಟ್ಟುಪಾಡಿಗೆ ಒಳಪಟ್ಟು ಮಾಡಹೊರಟರೆ ಐಫೋನಿನಲ್ಲಿ ವೇಗ ಸಾಲದೆಂದೂ, ಭದ್ರತೆಯ ತೊಡಕೂ ಉಂಟೆಂದೂ ತಂಡದವರು ಕೈಬಿಟ್ಟರು. ಮುಂದೆ ಫ್ಲಟರ್‌ನ ಸ್ಥಾಪಕರಲ್ಲಿಯೇ ಒಬ್ಬರಾದ ಎರಿಕ್ ಸೈಡೆಲ್ ಅವರು ಗೂಗಲನ್ನು ಬಿಟ್ಟು ಶೋರ್‌ಬರ್ಡ್ ಎಂಬ ಬೇರೆ ಸಂಸ್ಥೆಯನ್ನು ಕಟ್ಟಿ ಅದನ್ನೇ ಒದಗಿಸಿದರು. ನನ್ನಿಂದ ಹೊಡೆದುಹಾಕಿದ ಸಾಲು ಹೊರಗೆ ಹೋಗಿ ಸ್ವಂತ ಮನೆ ಮಾಡಿಕೊಂಡುದನ್ನು ಕಂಡು ನನಗೆ ಸಂತೋಷಪಡಬೇಕೋ ಲಜ್ಜೆಪಡಬೇಕೋ ತಿಳಿಯದು.

ನಾನು: 2025ರ ಜೂನಿನಲ್ಲಿ ಆ್ಯಪಲ್‌ನವರು ‘ಲಿಕ್ವಿಡ್ ಗ್ಲಾಸ್’ ಎಂಬ ಹೊಸ ವಿನ್ಯಾಸವನ್ನು ಪ್ರದರ್ಶಿಸಿದ ಮೇಲೆ ತಮಗೆ ನಿದ್ರೆಯಿಲ್ಲವೆಂದು ಕೇಳಿದೆ.

ರೋಡ್‌ಮ್ಯಾಪ್: ಇದು ನಮ್ಮ ಗುಣದಿಂದಲೇ ಹುಟ್ಟಿದ ದೋಷ. ಆಯಾ ಫೋನಿನವರು ಕೊಡುವ ಬಟನ್ನನ್ನೋ ಪಟ್ಟಿಯನ್ನೋ ನಾವು ಎರವಲು ಪಡೆಯುವುದಿಲ್ಲ. ಪರದೆಯ ಮೇಲಿನ ಪ್ರತಿಯೊಂದು ಬಿಂದುವನ್ನೂ ನಾವೇ ಬರೆಯುತ್ತೇವೆ. ಆದಕಾರಣ ಎಲ್ಲ ಫೋನುಗಳಲ್ಲಿಯೂ ನಮ್ಮ ಆ್ಯಪಿಗೆ ಒಂದೇ ಮುಖ. ಆದರೆ ಆ್ಯಪಲ್‌ನವರು ಒಂದು ಬೆಳಗ್ಗೆ ಎದ್ದು ಇನ್ನು ಮೇಲೆ ಎಲ್ಲವೂ ಗಾಜಿನಂತೆ ಹೊಳೆಯಲಿ ಎಂದರೆ, ಉಳಿದವರ ಬಟನ್ನುಗಳು ಬಹುಮಟ್ಟಿಗೆ ತಾವಾಗಿ ಹೊಳೆಯುತ್ತವೆ, ನಮ್ಮವು ಹೊಳೆಯುವುದಿಲ್ಲ. ಪ್ರದರ್ಶನ ಮುಗಿಯುವುದರೊಳಗಾಗಿ ‘ಯಾವಾಗ?’ ಎಂಬ ಪ್ರಶ್ನೆ ಹೊರಟಿತು. ಮೊದಲು ಮೆಟೀರಿಯಲ್ ಮತ್ತು ಕ್ಯುಪರ್ಟಿನೊ ವಿನ್ಯಾಸಗಳನ್ನು ಮೂಲದಿಂದ ಬೇರ್ಪಡಿಸಿ ಪ್ರತ್ಯೇಕ ಪ್ಯಾಕೇಜುಗಳನ್ನಾಗಿ ಮಾಡಬೇಕಾಗಿದೆ, ಆವರೆಗೆ ಗಾಜಿನ ಕೆಲಸವನ್ನು ಕೈಗೆತ್ತಿಕೊಳ್ಳುವುದಿಲ್ಲ, ಎಂದು ತಂಡದವರು ಉತ್ತರವಿತ್ತರು. ಇಷ್ಟು ಸರಳವಾದ ‘ಈಗ ಇಲ್ಲ’ ಎಂಬುದರಿಂದ ಫ್ಲಟರ್‌ಗೆ ಅಂತ್ಯಕಾಲ ಬಂದಿತೆಂಬ ಸಿದ್ಧಾಂತವನ್ನು ಹೊರಡಿಸಿದ ತಾರ್ಕಿಕರೂ ಇದ್ದರು.

ನಾನು: ಅಂತ್ಯಕಾಲದ ಸುದ್ದಿ ತಮಗೆ ಹೊಸದಲ್ಲವಷ್ಟೆ.

ರೋಡ್‌ಮ್ಯಾಪ್: ವರ್ಷಕ್ಕೊಮ್ಮೆ ತಪ್ಪದೆ ಸಾಯುತ್ತೇವೆ. ಗೂಗಲ್ ತಾನು ಹೆತ್ತುದನ್ನು ತಾನೇ ಹೂಳುವುದರಲ್ಲಿ ಹೆಸರಾದ ಸಂಸ್ಥೆಯಾದುದರಿಂದ ಜನರನ್ನು ದೂರುವಂತೆಯೂ ಇಲ್ಲ. 2024ರಲ್ಲಿ ತಂಡದ ಕೆಲವರು ಕೆಲಸ ಕಳೆದುಕೊಂಡಾಗಲಂತೂ ಚರಮಗೀತೆಗಳು ಸಿದ್ಧವಾಗಿದ್ದವು. ಆ ವರ್ಷವೂ ಆವೃತ್ತಿಗಳು ಹೊರಬಂದವು.

ನಾನು: ಕೊನೆಯದಾಗಿ ಒಂದು ಸ್ವಾರ್ಥದ ಪ್ರಶ್ನೆ. ಫ್ಲಟರ್‌ನಲ್ಲಿ ಕಟ್ಟಿದ ಆ್ಯಪನ್ನು ಬ್ರೌಸರಿನಲ್ಲಿ ತೆರೆದರೆ, ಕನ್ನಡದ ಅಕ್ಷರಗಳು ಬರುವುದಕ್ಕೆ ಮೊದಲು ಒಮ್ಮೊಮ್ಮೆ ಬರಿಯ ಚೌಕಗಳ ಸಾಲು ಕಾಣಿಸಿಕೊಳ್ಳುತ್ತದೆ.

ರೋಡ್‌ಮ್ಯಾಪ್: ಅಲ್ಲಿಯೂ ಅಕ್ಷರಗಳನ್ನು ನಾವೇ ಬರೆಯುತ್ತೇವಲ್ಲ, ಆ್ಯಪಿನೊಳಗೆ ಕನ್ನಡದ ಫಾಂಟ್ ಇಲ್ಲದಿದ್ದರೆ ನೋಟೊ ಫಾಂಟನ್ನು ಆಗ ತರಿಸಿಕೊಳ್ಳಬೇಕಾಗುತ್ತದೆ, ಅದು ಬಂದು ಮುಟ್ಟುವವರೆಗೆ ಚೌಕಗಳೇ ಗತಿ. ಫಾಂಟನ್ನು ಆ್ಯಪಿನೊಳಗೇ ಸೇರಿಸಿಕೊಂಡರೆ ಆ ತೊಂದರೆಯಿಲ್ಲ.

ನಾನು: ಅದು ನಾವು ಮಾಡತಕ್ಕ ಉಪಾಯವಾಯಿತು. ತಾವು ಮಾಡತಕ್ಕದ್ದೇನೂ ಇಲ್ಲವೆ?

ರೋಡ್‌ಮ್ಯಾಪ್: ಇಷ್ಯೂಗಳ ಪಟ್ಟಿಯಲ್ಲಿ ಅದು ಇದೆಯೇ ಎಂದು ಹುಡುಕಿ, ಇದ್ದರೆ ಹೆಬ್ಬೆಟ್ಟು ಒತ್ತಿ. ‘ನನಗೂ ಬೇಕು’ ಎಂದು ಮಾತ್ರ ದಯವಿಟ್ಟು ಕೆಳಗೆ ಬರೆಯಬೇಡಿ. ಇಂಜಿನಿಯರಿಂಗ್ ಪದವೀಧರರ ಸಹಿಗಿಂತ ಅವರ ಹೆಬ್ಬೆಟ್ಟಿಗೇ ನಮ್ಮಲ್ಲಿ ಬೆಲೆ.

ನಾನು: ಒತ್ತಿದರೆ ಬರುತ್ತದೆಯೆ?

ರೋಡ್‌ಮ್ಯಾಪ್: ಲೆಕ್ಕಕ್ಕೆ ಬರುತ್ತದೆ.