ಒಂದು ಸಹಿಯನ್ನು ಕೋರಿ ಆತಿಥೇಯ ಸಂಸ್ಥೆಗಳಿಗೆ ಬಹಿರಂಗ ಪತ್ರ

ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಬಿಸಿನೆಸ್ ವಿದ್ಯಾರ್ಥಿಗಳನ್ನು ವರ್ಷಾವಧಿಯ ಕೆಲಸಕ್ಕೆ ಇಟ್ಟುಕೊಂಡಿರುವ ಸಮಸ್ತ ಸಂಸ್ಥೆಗಳ ಮಾನ್ಯ ವ್ಯವಸ್ಥಾಪಕರ ಸನ್ನಿಧಾನಕ್ಕೆ,

ವಿಷಯ: ಎರಡು ಪುಟಗಳ ಮೌಲ್ಯಮಾಪನ ಪತ್ರದ ಕೊನೆಯಲ್ಲಿರುವ ಖಾಲಿ ಜಾಗ.

ಮೂರು ವರ್ಷಗಳ ಪದವಿ ವ್ಯಾಸಂಗದ ಎರಡನೆಯ ಮತ್ತು ಕೊನೆಯ ವರ್ಷಗಳ ನಡುವೆ ಒಂದಿಡೀ ವರ್ಷದ ನೌಕರಿಯನ್ನು ಸೇರಿಸಿ ನಾಲ್ಕು ವರ್ಷಕ್ಕೆ ಹಿಗ್ಗಿಸಿದ ಪದವಿಯನ್ನು ಬ್ರಿಟನ್ನಿನಲ್ಲಿ ‘ಸ್ಯಾಂಡ್‌ವಿಚ್ ಪದವಿ’ ಎಂದೂ, ನಡುವಿನ ಆ ವರ್ಷವನ್ನು ‘ಪ್ಲೇಸ್‌ಮೆಂಟ್ ವರ್ಷ’ ಎಂದೂ ಕರೆಯುವುದು ವಾಡಿಕೆಯಾಗಿದ್ದು, ಆ ವರ್ಷ ಮುಗಿದ ಮೇಲೆ ವಿದ್ಯಾರ್ಥಿಯು ಮತ್ತೆ ತರಗತಿಗೆ ಮರಳುತ್ತಾನೆಂಬುದನ್ನು, ಪ್ಲೇಸ್‌ಮೆಂಟ್ ಎಂದರೆ ಕ್ಯಾಂಪಸ್ಸಿನಲ್ಲಿ ಸಿಗುವ ಕಾಯಂ ನೌಕರಿ ಎಂದು ತಿಳಿದಿರುವ ಕರ್ನಾಟಕದ ಓದುಗರ ಸಲುವಾಗಿ ಹೇಳಿಡಬೇಕು. ವ್ಯವಸ್ಥೆ ನಿನ್ನೆ ಮೊನ್ನೆಯದಲ್ಲ. 1903ರಲ್ಲಿ ಸಂಡರ್‌ಲ್ಯಾಂಡಿನ ತಾಂತ್ರಿಕ ಕಾಲೇಜು ತನ್ನ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ತರಗತಿಗೂ ಕಾರ್ಖಾನೆಗೂ ಸರದಿಯ ಮೇಲೆ ಕಳುಹಿಸತೊಡಗಿತು. ಬಾತ್, ಆಸ್ಟನ್, ಬ್ರೂನೆಲ್, ಲಫ್‌ಬರೋ, ಬ್ರ್ಯಾಡ್‌ಫರ್ಡ್ ಮೊದಲಾದ ತಾಂತ್ರಿಕ ಕಾಲೇಜುಗಳು 1966ರಲ್ಲಿ ವಿಶ್ವವಿದ್ಯಾಲಯಗಳಾದಾಗ ಈ ಪದ್ಧತಿಯನ್ನೂ ಜೊತೆಗೇ ತಂದವು. ಮುಂದೆ ಲೇತ್ ಯಂತ್ರದ ಜಾಗದಲ್ಲಿ ಎಕ್ಸೆಲ್ ಹಾಳೆ ಬಂದು ಕುಳಿತು, ಬಿಸಿನೆಸ್ ವಿದ್ಯಾರ್ಥಿಗಳೂ ಇದರೊಳಗೆ ಸೇರಿದರು. ವಿಶ್ವವಿದ್ಯಾಲಯ ಮತ್ತು ಉದ್ಯಮಗಳ ಸಹಯೋಗವನ್ನು ಪರಿಶೀಲಿಸಿ 2012ರಲ್ಲಿ ಟಿಮ್ ವಿಲ್ಸನ್ ಅವರು ಸರ್ಕಾರಕ್ಕೆ ಸಲ್ಲಿಸಿದ ವರದಿಯು ಇಂಥ ಅನುಭವ ಇನ್ನಷ್ಟು ವಿದ್ಯಾರ್ಥಿಗಳಿಗೆ ದೊರೆಯಬೇಕೆಂದು ಬಯಸಿತು. ಸಹಿಯೂ ಒಂದು ಸಮಸ್ಯೆಯಾದೀತೆಂಬುದು ಆಗ ಯಾರಿಗೂ ಹೊಳೆದಿರಲಾರದು.

ಪತ್ರವು ಕನ್ನಡದಲ್ಲಿರುವುದಕ್ಕೂ ಕಾರಣವುಂಟು. ಇದೇ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಇಮೇಲ್ ಮೂಲಕ ಮತ್ತೆ ಮತ್ತೆ ಕಳುಹಿಸಲಾಗಿದ್ದು, ಅದನ್ನು ಯಾರೂ ಓದುವುದಿಲ್ಲವೆಂಬುದು ಈಗ ನಿಸ್ಸಂದೇಹವಾಗಿ ರುಜುವಾತಾಗಿರುವುದರಿಂದ, ಕನ್ನಡದಲ್ಲಿ ಬರೆದರೆ ಮಾನ್ಯರ ಕಡೆಯಿಂದ ಹೊಸ ನಷ್ಟವೇನೂ ಆಗುವಂತಿಲ್ಲ. ಶಿಕ್ಷಣ ಸಾಲಕ್ಕೆ ಮನೆಪತ್ರ ಅಡವಿಟ್ಟು ಮಕ್ಕಳನ್ನು ಅಲ್ಲಿಗೆ ಕಳುಹಿಸಿದ ಹುಬ್ಬಳ್ಳಿ, ಮಂಗಳೂರು, ಬೆಂಗಳೂರುಗಳ ನಾಲ್ಕಾರು ತಂದೆತಾಯಿಯರಾದರೂ ಓದಿಯಾರೆಂಬುದು ಲಾಭದ ಬಾಬತ್ತು.

ಮೊದಲಿಗೆ, ಆತಿಥ್ಯವೆಂಬುದು ಅತಿಥಿಗೆ ಎಷ್ಟು ಬೀಳುತ್ತದೆಂಬುದನ್ನು ಗಮನಿಸಬೇಕು. ಮುಂದಿನ ಬೇಸಿಗೆಯಲ್ಲಿ ಆರಂಭವಾಗುವ ಕೆಲಸಕ್ಕೆ ಎರಡನೆಯ ವರ್ಷದ ವಿದ್ಯಾರ್ಥಿಯು ಹಿಂದಿನ ಶರತ್ಕಾಲದಲ್ಲೇ ಅರ್ಜಿ ಹಾಕಿ, ಅಂಕಿಸಂಖ್ಯೆಗಳ ಆನ್‌ಲೈನ್ ಪರೀಕ್ಷೆ ಬರೆದು, ಎದುರಿಗೆ ಯಾರೂ ಇಲ್ಲದ ಪರದೆಯನ್ನು ನೋಡುತ್ತ ತಾನು ತಂಡದಲ್ಲಿ ಹೇಗೆ ಬೆರೆಯುತ್ತೇನೆಂದು ವಿವರಿಸಿ ಅದನ್ನು ವಿಡಿಯೋ ಮಾಡಿ ಕಳುಹಿಸಿ, ‘ಅಸೆಸ್‌ಮೆಂಟ್ ಸೆಂಟರ್’ ಎಂಬ ದಿನವಿಡೀ ನಡೆಯುವ ಸಾಮೂಹಿಕ ಪರೀಕ್ಷೆಯಲ್ಲಿ ಅಪರಿಚಿತರೊಡನೆ ನಗುನಗುತ್ತ ಚರ್ಚಿಸಿ, ಕೊನೆಗೆ ಆಯ್ಕೆಯಾಗುತ್ತಾನೆ. ಇಂಗ್ಲೆಂಡಿನಲ್ಲಿ 2025–26ರ ಸಾಲಿಗೆ ಸ್ಥಳೀಯ ವಿದ್ಯಾರ್ಥಿಯ ವಾರ್ಷಿಕ ಶುಲ್ಕದ ಮಿತಿ 9,535 ಪೌಂಡ್. ತರಗತಿಗೆ ಕಾಲಿಡದ ಪ್ಲೇಸ್‌ಮೆಂಟ್ ವರ್ಷಕ್ಕೂ ಅದರ ಸುಮಾರು ಶೇಕಡ 20, ಅಂದರೆ 1,905 ಪೌಂಡ್‌ವರೆಗೆ ವಿಶ್ವವಿದ್ಯಾಲಯಕ್ಕೆ ಕಟ್ಟಬೇಕಾಗಬಹುದು. ಇತ್ತ 1998ರ ಕನಿಷ್ಠ ವೇತನ ಕಾಯ್ದೆಯಡಿಯ ನಿಯಮಗಳು, ವ್ಯಾಸಂಗದ ಭಾಗವಾಗಿ ಒಂದು ವರ್ಷ ಮೀರದಂತೆ ದುಡಿಯುವ ಇಂಥ ವಿದ್ಯಾರ್ಥಿಗೆ ಕನಿಷ್ಠ ವೇತನ ಕೊಡಲೇಬೇಕೆಂಬ ಕಟ್ಟುಪಾಡಿನಿಂದ ಮಾನ್ಯರನ್ನು ಬಿಡುಗಡೆ ಮಾಡಿವೆ. ದೊಡ್ಡ ಸಂಸ್ಥೆಗಳಲ್ಲಿ ಅನೇಕವು ಈ ವಿನಾಯಿತಿಯನ್ನು ಬಳಸಿಕೊಳ್ಳದೆ ಸಂಬಳ ಕೊಡುತ್ತವೆಂಬುದನ್ನು ನ್ಯಾಯಕ್ಕಾಗಿ ಒಪ್ಪಿಕೊಳ್ಳಬೇಕು. ಹಾಗಾಗಿ ಈ ಪತ್ರದ ತಕರಾರು ಸಂಬಳದ್ದಲ್ಲ.

ತಕರಾರು ಕಲಿಕೆಯದೂ ಅಲ್ಲ, ಏಕೆಂದರೆ ಕಲಿಕೆ ಧಾರಾಳವಾಗಿಯೇ ನಡೆಯುತ್ತದೆ. ಅದರಲ್ಲಿ ಮಾನ್ಯರ ಪಾತ್ರವೇನೆಂಬುದು ಮಾತ್ರ ಸಂಶೋಧನೆಗೆ ಅರ್ಹವಾದ ಪ್ರಶ್ನೆ. ಮಾರ್ಕೆಟಿಂಗ್ ವಿಭಾಗದ ಮೂಲೆಯ ಮೇಜಿನಲ್ಲಿ ಪ್ರತಿವರ್ಷ ಹೊಸ ವಿದ್ಯಾರ್ಥಿಯೊಬ್ಬ ಕುಳಿತುಕೊಳ್ಳುತ್ತಾನೆ, ಹಳಬ ಎದ್ದುಹೋಗುವ ಮುನ್ನ ಒಂದು ವಾರ ಹೊಸಬನಿಗೆ ಕೆಲಸ ತೋರಿಸಿಕೊಡುತ್ತಾನೆ, ಇದನ್ನು ‘ಹ್ಯಾಂಡೋವರ್’ ಎನ್ನುತ್ತಾರೆ. ತಿಂಗಳ ಮಾರಾಟದ ವರದಿ ಯಾವ ಫೋಲ್ಡರಿನಲ್ಲಿದೆ, ಅದರ ಮ್ಯಾಕ್ರೋ ಏಕೆ ಪ್ರತಿ ಸೋಮವಾರ ಕೈಕೊಡುತ್ತದೆ, ಯಾವ ಕಾಲಮ್ಮನ್ನು ಮುಟ್ಟಲೇಬಾರದು ಎಂಬುದೆಲ್ಲ ಒಬ್ಬ ಇಪ್ಪತ್ತು ವರ್ಷದವನಿಂದ ಇನ್ನೊಬ್ಬ ಇಪ್ಪತ್ತು ವರ್ಷದವನಿಗೆ ವರ್ಡ್ ಕಡತವೊಂದರ ಮೂಲಕ ದಾಟುತ್ತದೆ. ಪ್ರತಿಯೊಬ್ಬನೂ ಅದಕ್ಕೆ ತನ್ನ ಟಿಪ್ಪಣಿ ಸೇರಿಸುತ್ತಾನೆ, ಮೂಲಕರ್ತೃ ಯಾರೆಂಬುದು ಯಾರಿಗೂ ನೆನಪಿರುವುದಿಲ್ಲ. ಇದು ಗುರುವಿಲ್ಲದ ಶಿಷ್ಯಪರಂಪರೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ಆ ವರದಿ ಹೇಗೆ ತಯಾರಾಗುತ್ತದೆಂದು ಬಲ್ಲವರು ಇಡೀ ಕಚೇರಿಯಲ್ಲಿ ಆ ವಿದ್ಯಾರ್ಥಿಯೊಬ್ಬನೇ ಆಗಿದ್ದು, ವ್ಯವಸ್ಥಾಪಕರು ಅದನ್ನು ಮೇಲಿನವರ ಮುಂದೆ ಮಂಡಿಸುವ ಮುನ್ನ ಅವನ ಮೇಜಿನ ಬಳಿ ಬಂದು ಅರ್ಥ ಕೇಳಿಕೊಂಡು ಹೋಗುತ್ತಾರೆ. ತರಬೇತಿ ನಡೆಯುತ್ತಿಲ್ಲವೆಂದು ಹೇಳುವಂತಿಲ್ಲ. ಯಾರು ಯಾರಿಗೆ ಎಂಬುದಷ್ಟೇ ವಿಶ್ವವಿದ್ಯಾಲಯದ ಕೈಪಿಡಿಯಲ್ಲಿ ತಿರುವುಮುರುವಾಗಿ ಅಚ್ಚಾಗಿದೆ.

ಇನ್ನು ವಿಷಯಕ್ಕೆ ಬರಬಹುದು. ವಿದ್ಯಾರ್ಥಿಯು ಕೆಲಸಕ್ಕೆ ಸೇರುವ ಮುನ್ನ ಅವನೂ, ವಿಶ್ವವಿದ್ಯಾಲಯವೂ, ಆತಿಥೇಯ ಸಂಸ್ಥೆಯೂ ಸೇರಿ ಕಲಿಕೆಯ ಒಪ್ಪಂದವೊಂದನ್ನು ಮಾಡಿಕೊಳ್ಳುತ್ತಾರೆ. ಅದರ ಜೊತೆಗೆ ಸುರಕ್ಷತೆಯ ತಪಾಸಣಾ ಪಟ್ಟಿ ಮತ್ತು ಉದ್ಯೋಗದಾತರ ಹೊಣೆಗಾರಿಕೆ ವಿಮೆಯ ಪ್ರಮಾಣಪತ್ರ ಬರಬೇಕು. 1969ರ ಕಾಯ್ದೆಯ ಮೇರೆಗೆ ಕಡ್ಡಾಯವಾದ ಈ ವಿಮೆಯ ಮೊತ್ತ ಕನಿಷ್ಠ 50 ಲಕ್ಷ ಪೌಂಡ್. ಈ ಪ್ರಮಾಣಪತ್ರವನ್ನು ಮಾನ್ಯರು ಕೇಳಿದ ದಿನವೇ ಕಳುಹಿಸುತ್ತಾರೆ. 50 ಲಕ್ಷ ಪೌಂಡಿನ ಕಾಗದ ಒಂದು ಮಧ್ಯಾಹ್ನದಲ್ಲಿ ದೊರೆಯುವ ಕಚೇರಿಯಲ್ಲಿ, ವರ್ಷದ ಕೊನೆಗೆ ಬೇಕಾಗುವ, ಮೂರು ಕಾಸೂ ಖರ್ಚಿಲ್ಲದ ಒಂದು ಸಹಿ ಮಾತ್ರ ಹುಟ್ಟುವುದಿಲ್ಲ.

ಸಹಿ ಬೇಕಾಗಿರುವುದು ಮೌಲ್ಯಮಾಪನ ಪತ್ರಕ್ಕೆ. ಸಮಯಪಾಲನೆ, ಸ್ವಪ್ರೇರಣೆ, ತಂಡದ ಕೆಲಸ, ಲಿಖಿತ ಸಂವಹನ ಮುಂತಾದ ಸಾಲುಗಳ ಎದುರು ಒಂದರಿಂದ ಐದರವರೆಗೆ ಗುರುತು ಹಾಕಿ, ಕೆಳಗೆ ನಾಲ್ಕು ಸಾಲು ಬರೆದು, ಅದರ ಕೆಳಗೆ ಹೆಸರು ಹಾಕುವುದಷ್ಟೇ ಇದರ ವಿಸ್ತಾರ. ಮಾನ್ಯರಲ್ಲಿ ಬಹುಮಂದಿ ‘ನೀನೇ ತುಂಬಿಬಿಡು, ಸಹಿ ಹಾಕಿಕೊಡುತ್ತೇನೆ’ ಎಂದು ವಿದ್ಯಾರ್ಥಿಗೇ ಹೇಳುವುದುಂಟು. ತನ್ನ ಬಗ್ಗೆ ತಾನೇ ತೀರ್ಪು ಬರೆಯಬೇಕಾದ ಆ ಬಡಪಾಯಿ, ಐದು ಹಾಕಿದರೆ ದುರಹಂಕಾರ, ಮೂರು ಹಾಕಿದರೆ ಮೂರ್ಖತನ ಎಂದು ಲೆಕ್ಕ ಹಾಕಿ ಎಲ್ಲ ಸಾಲಿಗೂ ನಾಲ್ಕು ಹಾಕಿ ಕಳುಹಿಸುತ್ತಾನೆ. ಸಹಿ ಬರುವುದಿಲ್ಲ. ವ್ಯವಸ್ಥಾಪಕರು ಮೀಟಿಂಗ್‌ನಲ್ಲಿರುತ್ತಾರೆ.

‘ಮೀಟಿಂಗ್’ ಎಂಬುದಕ್ಕೆ ಈ ಪತ್ರದ ಮಟ್ಟಿಗೆ ಒಂದು ಲಕ್ಷಣ ಹೇಳುವುದು ಅಗತ್ಯ: ವ್ಯಕ್ತಿಯು ರಜೆಯಲ್ಲಿಲ್ಲದೆ, ಕಾಯಿಲೆ ಬೀಳದೆ, ಕಚೇರಿಯ ಕಟ್ಟಡದೊಳಗೇ ಇದ್ದೂ ಯಾರ ಕಣ್ಣಿಗೂ ಬೀಳದಿರುವ ಸ್ಥಿತಿಯೇ ಮೀಟಿಂಗ್; ಇದಕ್ಕೆ ಆದಿಯುಂಟು, ಅಂತ್ಯವಿಲ್ಲ. ವಿದ್ಯಾರ್ಥಿಯ ಯೋಗಕ್ಷೇಮ ವಿಚಾರಿಸಲೆಂದು ವಿಶ್ವವಿದ್ಯಾಲಯವು ಕಳುಹಿಸುವ ಅಧ್ಯಾಪಕನನ್ನು ‘ಭೇಟಿ ಬೋಧಕ’ ಎನ್ನುತ್ತಾರೆ. ಸ್ಲೌ, ಬ್ರ್ಯಾಕ್‌ನೆಲ್, ರೆಡಿಂಗ್‌ಗಳ ಸುತ್ತಮುತ್ತ ರೈಲು ನಿಲ್ದಾಣದಿಂದ ದೂರವಿರಲೆಂದೇ ಕಟ್ಟಿದಂತಿರುವ ಬಿಸಿನೆಸ್ ಪಾರ್ಕುಗಳನ್ನು ಮಳೆಯಲ್ಲಿ ಹುಡುಕಿಕೊಂಡು ಹೋಗುವ ಈತನಿಗೆ, ಸ್ವಾಗತದ ಮೇಜಿನಲ್ಲಿ ಕೊರಳಿಗೆ ತೂಗುವ ಗುರುತಿನ ಚೀಟಿಯೂ, ಯಂತ್ರದ ಕಾಫಿಯೂ, ವ್ಯವಸ್ಥಾಪಕರು ಮೀಟಿಂಗ್‌ನಲ್ಲಿದ್ದಾರೆಂಬ ಸಮಾಚಾರವೂ ಅದೇ ಕ್ರಮದಲ್ಲಿ ದೊರೆಯುತ್ತವೆ. ಭೇಟಿಯ ದಿನವನ್ನು ಗೊತ್ತುಮಾಡಿದವರು ವ್ಯವಸ್ಥಾಪಕರೇ. ಮುಂದೂಡಿದವರೂ ಅವರೇ. ಮುಂದೂಡಿದ ದಿನವೂ ಅವರು ಮೀಟಿಂಗ್‌ನಲ್ಲಿದ್ದು, ಗಾಜಿನ ಗೋಡೆಯ ಆಚೆಯಿಂದ ಬೋಧಕನಿಗೆ ಕೈಬೀಸಿದ್ದು ಇತ್ತೀಚಿನ ಬೆಳವಣಿಗೆ. ಬೀಸಿದ ಆ ಕೈಯಲ್ಲಿ ಪೆನ್ನಿತ್ತು.

ಆ ಸಹಿಯಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಮಾನ್ಯರಿಗೆ ಯಾರಾದರೂ ಬಿಡಿಸಿ ಹೇಳಿರುವರೋ ಇಲ್ಲವೋ. ಪರೀಕ್ಷಾ ಮಂಡಳಿಯ ಮುಂದೆ ಪತ್ರ ಬಾರದಿದ್ದರೆ ಆ ವರ್ಷ ಲೆಕ್ಕಕ್ಕೆ ಸೇರುವುದಿಲ್ಲ. ಹಲವು ವಿಶ್ವವಿದ್ಯಾಲಯಗಳಲ್ಲಿ ಅಂಥ ವಿದ್ಯಾರ್ಥಿಯನ್ನು ಪ್ಲೇಸ್‌ಮೆಂಟ್ ಇಲ್ಲದ ಮೂರು ವರ್ಷದ ಪದವಿಗೆ ವರ್ಗಾಯಿಸಿ, ಪದವಿಪತ್ರದಲ್ಲಿ ಆ ವರ್ಷದ ಉಲ್ಲೇಖವೇ ಇಲ್ಲದಂತೆ ಮಾಡಲಾಗುತ್ತದೆ. ಅವನು ಬೆಳಗಿನ ರೈಲು ಹಿಡಿದದ್ದು, ಮಾರಾಟದ ವರದಿ ಮಾಡಿದ್ದು, ವ್ಯವಸ್ಥಾಪಕರ ಪವರ್‌ಪಾಯಿಂಟ್ ತಿದ್ದಿ ಮೇಲಿನವರಿಂದ ಅವರಿಗೆ ಶಹಬಾಸ್ ಕೊಡಿಸಿದ್ದು, ಎಲ್ಲವೂ ನಡೆದೇ ಇಲ್ಲ. ಹೊರದೇಶದಿಂದ ಬಂದ ವಿದ್ಯಾರ್ಥಿಗೆ ಇನ್ನೂ ಒಂದು ಬಿಗಿಯುಂಟು: ವಿದ್ಯಾರ್ಥಿ ವೀಸಾದ ನಿಯಮದಂತೆ ಪ್ಲೇಸ್‌ಮೆಂಟ್ ವರ್ಷವು ವ್ಯಾಸಂಗದ ಅವಿಭಾಜ್ಯ ಅಂಗವಾಗಿದ್ದು ಮೌಲ್ಯಮಾಪನಕ್ಕೆ ಒಳಪಡತಕ್ಕದ್ದಾದ್ದರಿಂದ, ಅವನು ಅಲ್ಲಿ ಪೂರ್ಣಾವಧಿ ದುಡಿಯುವುದಕ್ಕೆ ಇರುವ ಆಧಾರವೇ ಮೌಲ್ಯಮಾಪನ. ಆ ಮೌಲ್ಯಮಾಪನವೇ ಮೀಟಿಂಗ್‌ನಲ್ಲಿದೆ.

ಇಲ್ಲಿಯವರೆಗೆ ಪಾಲಿಸಿದ ವಿನಯ ಇನ್ನು ಮುಂದೆ ಸಾಗದು. ಇದು ಮರೆವಲ್ಲ, ಕೆಲಸದ ಒತ್ತಡವೂ ಅಲ್ಲ; ದುಡಿಸಿಕೊಂಡಾಗಿದೆ, ಇನ್ನು ಅವನಿಂದ ಆಗಬೇಕಾದದ್ದೇನೂ ಇಲ್ಲ, ಹಾಗಾಗಿ ಅವನ ಕಾಗದ ತಳಕ್ಕೆ ಹೋಗಿದೆ, ಅಷ್ಟೇ. ಇದೇ ವಿದ್ಯಾರ್ಥಿ ಜೂನ್ ತಿಂಗಳಲ್ಲಿ ವರದಿಯನ್ನು ಒಂದು ದಿನ ತಡಮಾಡಿದ್ದರೆ ಮಾನ್ಯರ ಇಮೇಲ್ ವಿಶ್ವವಿದ್ಯಾಲಯಕ್ಕೆ ಅರ್ಧ ಗಂಟೆಯೊಳಗೆ ಬರುತ್ತಿತ್ತು, ಮೀಟಿಂಗ್ ನಡೆಯುತ್ತಿರುವಾಗಲೇ ಬರುತ್ತಿತ್ತು. ಸಂಸ್ಥೆಯ ಜಾಲತಾಣದಲ್ಲಿ ‘ನಾಳಿನ ಪ್ರತಿಭೆಗಳನ್ನು ಬೆಳೆಸುತ್ತೇವೆ’ ಎಂಬ ಶೀರ್ಷಿಕೆಯ ಕೆಳಗೆ ಅವನ ನಗುಮುಖದ ಫೋಟೋ ಇಂದಿಗೂ ಇದೆ; ಅದನ್ನು ಹಾಕಲು ಅವನಿಂದ ಪಡೆದ ಒಪ್ಪಿಗೆ ಪತ್ರದಲ್ಲಿ ಅವನ ಸಹಿಯೂ ಇದೆ. ಅವನು ಕೇಳಿದ ದಿನವೇ ಹಾಕಿಕೊಟ್ಟಿದ್ದ.

ಮೌಲ್ಯಮಾಪನ ಪತ್ರವನ್ನು ಇದರೊಂದಿಗೆ ಮತ್ತೊಮ್ಮೆ ಲಗತ್ತಿಸಲಾಗಿದೆ. ಗುರುತುಗಳು ಬೇಡ, ನಾಲ್ಕು ಸಾಲೂ ಬೇಡ, ಎಲೆಕ್ಟ್ರಾನಿಕ್ ಸಹಿಯಾದರೂ ಆದೀತು.

ಇತಿ,
ಗಾಜಿನ ಗೋಡೆಯ ಈಚೆಗಿದ್ದ ಭೇಟಿ ಬೋಧಕ

ವಿ.ಸೂ.: ಈ ಪತ್ರ ಮುಗಿಯುವ ಹೊತ್ತಿಗೆ ಮಾನ್ಯರ ಕಚೇರಿಯಿಂದ ಉತ್ತರವೊಂದು ಬಂದಿರುವುದನ್ನು ಸಂತೋಷದಿಂದ ದಾಖಲಿಸಲಾಗಿದೆ. ವ್ಯವಸ್ಥಾಪಕರು ಸದ್ಯ ಮೀಟಿಂಗ್‌ನಲ್ಲಿದ್ದಾರೆಂದೂ, ಕೋರಿಕೆಯನ್ನು ಅವರ ಗಮನಕ್ಕೆ ತರಲಾಗುವುದೆಂದೂ, ಆಗಿರುವ ಅನನುಕೂಲಕ್ಕೆ ವಿಷಾದವಿದೆಯೆಂದೂ ತಿಳಿಸುವ ಆ ಉತ್ತರವನ್ನು ಬರೆದಿರುವಾಕೆ ಮೂಲೆಯ ಮೇಜಿಗೆ ಈ ಜುಲೈನಲ್ಲಿ ಬಂದಿರುವ ಹೊಸ ವಿದ್ಯಾರ್ಥಿನಿ. ಒಕ್ಕಣೆ ಸ್ಪಷ್ಟವಾಗಿದೆ, ಸೌಜನ್ಯದಿಂದ ಕೂಡಿದೆ, ಒಂದೂ ತಪ್ಪಿಲ್ಲ. ಲಿಖಿತ ಸಂವಹನದ ಸಾಲಿನಲ್ಲಿ ಆಕೆಗೆ ಐದಕ್ಕೆ ಐದು ಧಾರಾಳವಾಗಿ ಸಲ್ಲುತ್ತದೆ. ಆಕೆಯ ಮೌಲ್ಯಮಾಪನ ಪತ್ರಕ್ಕೆ ಮುಂದಿನ ವರ್ಷ ಸಹಿ ಹಾಕಬೇಕಾದವರೂ ಇದೇ ವ್ಯವಸ್ಥಾಪಕರು.