ಪಾಸ್‌ವರ್ಡ್ ಭಿಕ್ಷಾಂ ದೇಹಿ

ಗಾಣಗಾಪುರದಲ್ಲಿ ಬೇಡುವುದಕ್ಕೆ ಯಾರೂ ನಾಚುವುದಿಲ್ಲ. ನೃಸಿಂಹ ಸರಸ್ವತಿ ಗುರುಗಳು ಈಗಲೂ ಮುಂಜಾನೆ ಭೀಮಾ-ಅಮರಜಾ ಸಂಗಮದಲ್ಲಿ ಮಿಂದು, ಮಧ್ಯಾಹ್ನ ಯಾವುದೋ ವೇಷದಲ್ಲಿ ಊರೊಳಗೆ ಭಿಕ್ಷೆಗೆ ಬರುತ್ತಾರೆಂಬ ನಂಬಿಕೆ ನಮ್ಮದು. ಹಾಗಾಗಿ ಬಂಗಲೆ ಇದ್ದವರೂ ಇಲ್ಲಿ ಜೋಳಿಗೆ ಹಿಡಿದು ಐದು ಮನೆ ಮಾಧುಕರಿ ಬೇಡುತ್ತಾರೆ. ಈಚೆಗೆ ರೊಟ್ಟಿ ಇಸಕೊಂಡ ಮೇಲೆ ಮೊಬೈಲನ್ನೂ ಮುಂದೆ ಹಿಡಿದು, "ವೈಫೈ ಪಾಸ್‌ವರ್ಡ್ ಏನದರಿ?" ಎನ್ನುತ್ತಾರೆ. ಇಲ್ಲ ಎನ್ನುವುದು ಹೇಗೆ? ಯಾರ ವೇಷದಲ್ಲಿ ಯಾರಿದ್ದಾರೋ!

ಇಂಥ ಊರಿಗೆ ರೌಟರ್ ಆರಿಸಲು ಕಲಬುರಗಿಗೆ ಹೋದೆವು. ಜೊತೆಗಿದ್ದ ಅಳಿಯನ ಕಣ್ಣು ಕೋಡು, ಅಂದರೆ ಆಂಟೆನಾ, ಜಾಸ್ತಿ ಇದ್ದುದರ ಮೇಲೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 1200 ಎಂದಿತ್ತು. ಆ ಲೆಕ್ಕ ಸ್ವಾರಸ್ಯದ್ದು: 2.4 ಗಿಗಾಹರ್ಟ್ಸಿನ ಪಟ್ಟಿಯಲ್ಲಿ 300, 5ರ ಪಟ್ಟಿಯಲ್ಲಿ 867, ಎರಡನ್ನೂ ಕೂಡಿಸಿ ಮೇಲೊಂದಿಷ್ಟು ಕೊಸರು ಹಾಕಿ ದುಂಡಗೆ ಮಾಡಿದ್ದು. ನಮ್ಮ ಮನೆಗೆ ಬರುವ ಫೈಬರ್ ಬರೀ 50 ಎಂಬಿಪಿಎಸ್‌ನದು. "ಮುಂದ ಬೇಕಾಗ್ತದ ಮಾವಾ" ಎಂದ ಅಳಿಯ. ದುಡ್ಡು ಮಾವನದು.

ತಂದ ಮೇಲೆ ಎಲ್ಲಿ ಇಡುವುದು? ಹಳೆಯ ಮನೆ, ಕಲ್ಲು-ಮಣ್ಣಿನ ಗೋಡೆ ಎರಡು ಮೊಳ ದಪ್ಪ. ಬೇಸಿಗೆಯಲ್ಲಿ ಕಲಬುರಗಿಯ ಬಿಸಿಲನ್ನೇ ಒಳಗೆ ಬಿಡದ ಗೋಡೆ 5 ಗಿಗಾಹರ್ಟ್ಸನ್ನು ಬಿಟ್ಟೀತೇ? ವೇಗ ಅದರದೇ ಹೆಚ್ಚು, ಆದರೆ ಪಡಸಾಲೆ ದಾಟುವುದಿಲ್ಲ. 2.4 ನಿಧಾನದ್ದು, ಒಂದು ಗೋಡೆಯನ್ನಾದರೂ ದಾಟುತ್ತದೆ. ಆ 2.4ರ ಪಟ್ಟಿಗೆ ಸರ್ಕಾರ 2005ರಲ್ಲೇ ಲೈಸೆನ್ಸಿನ ಕಟ್ಟು ಬಿಚ್ಚಿತು. ಅಂದಿನಿಂದ ಎಲ್ಲರೂ ಅಲ್ಲೇ. ಫೋನಿನಲ್ಲಿ ಹುಡುಕಿದರೆ ಸುತ್ತಲಿನ ಲಾಡ್ಜುಗಳ ವೈಫೈ ಹೆಸರೆಲ್ಲ ಗುರುವಿನವೇ. ಬೀಗ ಮಾತ್ರ ಎಲ್ಲಕ್ಕೂ. ಅವರೆಲ್ಲ 6ನೇ ಚಾನೆಲ್ಲಿನಲ್ಲಿ ಗುಂಪುಗೂಡಿದ್ದರಿಂದ ನಾವು 11ಕ್ಕೆ ಸರಿದೆವು. 1, 6, 11 ಈ ಮೂರೇ ಒಂದಕ್ಕೊಂದು ತಾಗದಂಥವು.

ನಮ್ಮಾಕೆ ಗೋಡೆಯ ಗೂಡಿನಲ್ಲಿ ಇಡೋಣ ಎಂದಳು. ಮೂರು ಕಡೆ ಕಲ್ಲು. ಅಡುಗೆಮನೆ ತಲುಪುವ ಹೊತ್ತಿಗೆ ಸಿಗ್ನಲ್ ಸನ್ಯಾಸ ತೆಗೆದುಕೊಂಡಿತ್ತು. ಕಡೆಗೆ ಪಡಸಾಲೆಯ ನಡುಗಂಬಕ್ಕೆ, ತಲೆಗಿಂತ ಮೇಲೆ, ಮೊಳೆ ಹೊಡೆದು ತೂಗಹಾಕಿದ್ದಾಯಿತು. ಕೋಡೆಷ್ಟಾದರೂ ಇರಲಿ, ಜಾಗ ಸರಿ ಇರದಿದ್ದರೆ ಅವು ಬಟ್ಟೆ ಒಣಹಾಕಲಿಕ್ಕೂ ಬರುವುದಿಲ್ಲ. ನಮ್ಮ ಆಯಿ ರೌಟರಿಗೆ ಕುಂಕುಮ ಹಚ್ಚಿದಳು. ಸಂಜೆ ಕರೆಂಟು ಹೋದಾಗ ಕೂಗಿದಳು: "ತಮ್ಮಾ, ದೀಪ ಆರ್ಯದ ನೋಡು, ಎಣ್ಣಿ ಹಾಕು!" ಎಣ್ಣೆ ಎಂದರೆ 12 ವೋಲ್ಟಿನ ಸಣ್ಣ ಬ್ಯಾಟರಿ ಡಬ್ಬಿ. ಈ ಭಾಗದಲ್ಲಿ ರೌಟರಿಗಿಂತ ಮೊದಲು ಅದನ್ನೇ ಕೊಳ್ಳಬೇಕು.

ಪಾಸ್‌ವರ್ಡಿಗೆ ಅಳಿಯ 'ದಿಗಂಬರ' ಎಂದ. ಎಲ್ಲರ ಬಾಯಲ್ಲಿರುವ ಆ ಜಪವನ್ನೇ ಈ ಊರಲ್ಲಿಟ್ಟರೆ ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ತೂಗಹಾಕಿದಂತೆ. ಬೇರೆ ಇಟ್ಟೆವು. ಕಂಪನಿಯವರು ಕೊಟ್ಟ 'ಅಡ್ಮಿನ್' ಪಾಸ್‌ವರ್ಡನ್ನೂ ಬದಲಿಸಿದೆವು. ಜನ ಮರೆಯುವುದು ಅದನ್ನೇ. ಬೇಡಿ ಬರುವವರಿಗೆ ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಿ 'ಮಾಧುಕರಿ' ಎಂದು ಹೆಸರಿಟ್ಟೆವು. ಇಂಟರ್ನೆಟ್ಟು ಸಿಗುತ್ತದೆ, ನಮ್ಮ ಟಿವಿ, ಪ್ರಿಂಟರು ಸಿಗುವುದಿಲ್ಲ.

ನೀವೂ ಬಂದರೆ ಸಂಕೋಚವಿಲ್ಲದೆ ಕೇಳಿ. ಆದರೆ ಭಕ್ತರು ಕಿಕ್ಕಿರಿಯುವ ಹುಣ್ಣಿಮೆ, ಗುರುವಾರ ಬಿಟ್ಟು ಬನ್ನಿ. ಸ್ಪೀಡು ಚಲೋ ಇರುತ್ತದೆ. ವಿಡಿಯೋ ಕಾಲ್ ಮಾಡುವವರು ಮಾತ್ರ ಕಂಬದ ಹತ್ತಿರವೇ ಕೂಡಬೇಕು.